ಕೊನೆಯ ವಚನ ಬಿಡಬೇಡ

ಮಗಳೇ, ಬರುವ ಭಾನುವಾರದ ಆರಾಧನೆಯಲ್ಲಿ 137ನೇ ಕೀರ್ತನೆ ಓದುವ ಸರದಿ ನಿನ್ನದು. ಕೊನೆಯ ವಚನ ಬಾಯಿಗೆ ಬರೋದಿಲ್ಲ, ಬಿಟ್ಟುಬಿಡಲೇ ಅಜ್ಜಾ ಅಂತ ಕೇಳಿದೆಯಲ್ಲ. ಬಾಬೆಲಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನನ್ನು ಧನ್ಯನೆನ್ನುವ ಮಾತು ಅದು. ಓದುವಾಗ ದನಿ ನಡುಗಿದರೆ ನಡುಗಲಿ. ಬಿಡಬೇಡ.

ಆ ಮಾತು ಯಾರ ಹೊಟ್ಟೆಯುರಿ ಅಂತ ನೋಡು. ಕ್ರಿಸ್ತಪೂರ್ವ 586ರ ಸುಮಾರಿಗೆ ಬಾಬೆಲಿನ ಅರಸ ನೆಬೂಕದ್ನೆಚ್ಚರನ ದಂಡು ಯೆರೂಸಲೇಮನ್ನು ಸುಟ್ಟಿತು. ಅಲ್ಲಿನ ಅರಸ ಚಿದ್ಕೀಯನ ಮಕ್ಕಳನ್ನು ಅವನ ಕಣ್ಣೆದುರೇ ಕೊಂದು, ಆಮೇಲೆ ಆ ಕಣ್ಣುಗಳನ್ನೂ ಕಿತ್ತರು. ಮುತ್ತಿಗೆಯ ಹಸಿವಿಗೆ ಕೂಸುಗಳು ಬೀದಿಯಲ್ಲೇ ಸೊರಗಿ ಬಿದ್ದದ್ದು ಪ್ರಲಾಪಗಳಲ್ಲಿದೆ. ಅಷ್ಟೆಲ್ಲ ಕಂಡು ಸೆರೆಹೋದವರಿಗೆ, ನಿಮ್ಮೂರಿನ ಹಾಡು ಹೇಳಿ ಅಂತ ಸೆರೆಹಿಡಿದವರೇ ಕೇಳಿದರು. ಕೈಯಲ್ಲಿ ಕತ್ತಿಯಿಲ್ಲ. ಉಳಿದದ್ದು ದೇವರ ಕಿವಿಯೊಂದೇ.

ಕ್ಯಾಥೊಲಿಕರು 1970ರ ದಶಕದ ಆರಂಭದಲ್ಲಿ ತಮ್ಮ ನಿತ್ಯಪ್ರಾರ್ಥನೆಯ ಪುಸ್ತಕ ಪರಿಷ್ಕರಿಸುವಾಗ ಇಂಥದೇ ಶಾಪದ ಮಾತುಗಳಿರುವ 58, 83, 109ನೇ ಕೀರ್ತನೆಗಳನ್ನು ಪೂರ್ತಿ ಕೈಬಿಟ್ಟರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಒಪ್ಪಲಾರೆ. ತನ್ನನ್ನು ಕೊಲ್ಲಲು ಹುಡುಕಿಬಂದ ಸೌಲ ಏಂಗೆದಿಯ ಗವಿಯಲ್ಲಿ ಕೈಗೆ ಸಿಕ್ಕಾಗ ದಾವೀದ ಅವನ ನಿಲುವಂಗಿಯ ಅಂಚನ್ನಷ್ಟೇ ಕತ್ತರಿಸಿದ. ನಮ್ಮಿಬ್ಬರ ನ್ಯಾಯ ಯೆಹೋವನೇ ತೀರಿಸಲಿ ಅಂದ. ನ್ಯಾಯವನ್ನು ಅಲ್ಲಿಗೊಪ್ಪಿಸಿದ್ದಕ್ಕೇ ಅವನ ಕೈ ತಡೆಯಿತು. ಹಿಂಸಿಸುವವರನ್ನು ಆಶೀರ್ವದಿಸಿ ಎಂದ ಪೌಲನೂ ಮುಯ್ಯಿ ದೇವರದೆಂದೇ ಬರೆದ. ಪ್ರಕಟನೆಯಲ್ಲಿ ಯಜ್ಞವೇದಿಯ ಕೆಳಗಿನ ಹುತಾತ್ಮರು ಇನ್ನೂ ಕೂಗುತ್ತಲೇ ಇದ್ದಾರೆ, ಎಲ್ಲಿಯವರೆಗೆ ಅಂತ.

ನನ್ನದೂ ಒಂದು ಕೇಳು. ದಾಯಾದಿಯೊಬ್ಬ ಬದು ಒತ್ತಿ ನಮ್ಮ ಹೊಲ ನುಂಗಿದ ವರ್ಷ, ಅವನ ಬಾಗಿಲಿಗೆ ಹಿಡಿಮಣ್ಣು ತೂರಿ ಶಾಪ ಹಾಕಿ ಬರಬೇಕೆಂದು ಹೊರಟಿದ್ದೆ. ನಿನ್ನಜ್ಜಿ ತಡೆದು ಕೈಗೆ ಬೈಬಲ್ ಕೊಟ್ಟಳು. ರಾತ್ರಿಯೆಲ್ಲ 109ನ್ನೇ ಓದಿದೆ, ಗಟ್ಟಿಯಾಗಿ, ಅವನ ಹೆಸರು ಸೇರಿಸಿ. ಅವನ ಮಕ್ಕಳು ಭಿಕ್ಷೆ ಬೇಡಲಿ ಎಂಬಲ್ಲಿಗೆ ಬಂದಾಗ ನಾಲಿಗೆ ಏಳಲಿಲ್ಲ. ಅವನ ಕಿರಿಯ ಹುಡುಗ ನಮ್ಮ ಜಗಲಿಯಲ್ಲೇ ಆಡಿ ಬೆಳೆದವನು. ಬಾಗಿಲಲ್ಲಿ ನಿಂತು ಕೂಗಿದ್ದರೆ ಆ ಮಾತು ಸಲೀಸಾಗಿ ಬಂದುಬಿಡುತ್ತಿತ್ತು. ದೇವರೆದುರು ಬರಲಿಲ್ಲ.

ಹಾಗಂತ ಆಗದವರ ಮೇಲೆ, ಬೇರೆ ಮತದವರ ಮೇಲೆ ಈ ಕೀರ್ತನೆಗಳನ್ನು ಕಲ್ಲಿನಂತೆ ಎಸೆಯುವವರ ಜೊತೆ ಸೇರಬೇಡ.

ಭಾನುವಾರ ನಿಧಾನ ಓದು. ಮುಗಿದೊಡನೆ ಕೂರಬೇಡ, ಒಂದು ಗಳಿಗೆ ಸುಮ್ಮನೆ ನಿಲ್ಲು. ಇಂಥದ್ದನ್ನು ಎದೆಯಲ್ಲಿಟ್ಟುಕೊಂಡು, ಯಾರಿಗೂ ಹೇಳಲಾಗದೆ ಕೂತವರು ಸಭೆಯಲ್ಲಿ ಇರುತ್ತಾರೆ.