ಬಣ್ಣ, ಭಾವ ಮತ್ತು ಬಯಲು: ಗೊಟಗೋಡಿಯ ಶಿಲ್ಪಗಳನ್ನು ಕುರಿತು

ಭಾವಕ್ಕೂ ಬಣ್ಣಕ್ಕೂ ಇರುವ ಸಂಬಂಧವನ್ನು ಚರ್ಚಿಸುವಾಗ ಭರತನ ನಾಟ್ಯಶಾಸ್ತ್ರವನ್ನು ಆಶ್ರಯಿಸುವುದು ವಾಡಿಕೆ. ಅದರ ಆರನೆಯ ಅಧ್ಯಾಯವು ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳಿ, ಕರುಣಕ್ಕೆ ಪಾರಿವಾಳದ ಬೂದು, ರೌದ್ರಕ್ಕೆ ಕೆಂಪು, ಅದ್ಭುತಕ್ಕೆ ಹಳದಿ ಎಂದು ವಿಧಿಸುತ್ತದೆ. ರಂಗಕಲೆಗಳ ಮಟ್ಟಿಗೆ ಈ ಪಟ್ಟಿ ತುಸು ದೂರ ಸಲ್ಲುತ್ತದೆ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ರಾಕ್ಷಸ ಪಾತ್ರಗಳಿಗೆ ‘ಬಣ್ಣದ ವೇಷ’ವೆಂದೇ ಹೆಸರಿರುವುದನ್ನು ಇಲ್ಲಿ ನೆನೆಯಬಹುದು. ಆದರೆ ರಂಗದಿಂದ ಬದುಕಿಗೆ ಇಳಿದೊಡನೆ ಪಟ್ಟಿ ಸಡಿಲಗೊಳ್ಳುತ್ತದೆ.

ಕೆಂಪನ್ನೇ ತೆಗೆದುಕೊಳ್ಳೋಣ. ಹಣೆಯ ಕುಂಕುಮದಲ್ಲಿ ಅದು ಸೌಭಾಗ್ಯ. ಇಳಕಲ್ಲ ಸೀರೆಯ ಟೋಪತೆನಿ ಸೆರಗಿನಲ್ಲಿ ಸಂಭ್ರಮ. ಅದೇ ಕೆಂಪು, ಬ್ರಾಹ್ಮಣ ಮನೆತನಗಳ ಕೇಶಮುಂಡನಗೊಂಡ ವಿಧವೆಯ ಮಡಿಸೀರೆಯಾದಾಗ, ನೋಡುವವರ ಮನಸ್ಸನ್ನು ಕುಗ್ಗಿಸುತ್ತಿತ್ತು. ವರ್ಣ ಬದಲಾಗಿಲ್ಲ, ಉಟ್ಟವಳ ಸ್ಥಿತಿ ಬದಲಾಗಿದೆ. ಭಾವವು ಬಣ್ಣದೊಳಗೆ ಅಡಗಿರುವ ಗುಣವಲ್ಲ, ಸಮುದಾಯದ ರೂಢಿ ಅದಕ್ಕೆ ತೊಡಿಸಿದ ಅರ್ಥ ಎಂಬುದಕ್ಕೆ ಇದಕ್ಕಿಂತ ಕಟುವಾದ ನಿದರ್ಶನ ಬೇಕಿಲ್ಲ.

ಶಿಗ್ಗಾಂವ ತಾಲೂಕಿನ ಗೊಟಗೋಡಿಯ ಉತ್ಸವ್ ರಾಕ್ ಗಾರ್ಡನ್ನನ್ನು ಈ ದೃಷ್ಟಿಯಿಂದ ನೋಡಬೇಕು. ಚಿತ್ರಕಲಾವಿದರಾಗಿದ್ದು ದೊಡ್ಡಾಟದ ಪುನರುಜ್ಜೀವನಕ್ಕೂ ದುಡಿದ ಟಿ.ಬಿ. ಸೊಲಬಕ್ಕನವರ (ನಿಧನ: 2020) ಅವರ ಕಲ್ಪನೆಯಲ್ಲಿ ರೂಪುಗೊಂಡ ಈ ತಾಣದಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬದುಕು ಆಳೆತ್ತರದ ಸಿಮೆಂಟ್ ಶಿಲ್ಪಗಳಾಗಿ ನಿಂತಿದೆ. ದೊಡ್ಡಾಟದ ವೇಷವು ಪಾತ್ರವನ್ನು ಲೋಕದಿಂದ ಬೇರ್ಪಡಿಸಿ ಹಿಗ್ಗಿಸುತ್ತದೆ. ಇಲ್ಲಿ ನಡೆದಿರುವುದು ತದ್ವಿರುದ್ಧ. ಮೈಯ ಬಣ್ಣ, ಬಟ್ಟೆಯ ಬಣ್ಣ, ದನಗಳ ಬಣ್ಣ ಎಲ್ಲವೂ ನಿತ್ಯದವು. ಎತ್ತಿನ ಮೈಬಣ್ಣವೇ ‘ಕೆಂದ’, ‘ಕರಿಯ’ ಎಂದು ಅದರ ಹೆಸರಾಗುವ ಒಕ್ಕಲು ಸಮಾಜದ ನೋಡುಗನಲ್ಲಿ ಈ ವರ್ಣಗಳು ಮೊದಲು ಗುರುತನ್ನು ಹುಟ್ಟಿಸುತ್ತವೆ. ಭಾವ ಅದರ ಬೆನ್ನಿಗೆ ಬರುತ್ತದೆ. ನಗರದಿಂದ ಬಂದವನಿಗೆ ಅವೇ ಬರಿಯ ಸೊಗಸು, ಹೆಚ್ಚೆಂದರೆ ಕೌತುಕ. ಇವನ್ನು ಪ್ರವಾಸಿ ಆಕರ್ಷಣೆಯೆಂದಷ್ಟೇ ಬಗೆದು ಕಲಾವಿಮರ್ಶೆಯ ಹೊರಗಿಡುವುದು ಸರಿಯಲ್ಲ.

‘ವರ್ಣ’ದ ತದ್ಭವವಾದ ‘ಬಣ್ಣ’ದಿಂದಲೇ ಕನ್ನಡವು ‘ಬಣ್ಣಿಸು’ ಎಂಬ ಕ್ರಿಯಾಪದವನ್ನು ಪಡೆದಿದೆ. ಉತ್ತರ ಕರ್ನಾಟಕದಲ್ಲಿ ‘ಬಣ್ಣ ಹಚ್ಚುವುದು’ ಎಂದರೆ ಪಾತ್ರ ಮಾಡುವುದು. ‘ಬಣ್ಣಗೆಡು’ವುದು ಕಾಂತಿಯನ್ನು ಕಳೆದುಕೊಳ್ಳುವುದು. ಬಯಲಿನ ಶಿಲ್ಪಗಳಿಗೆ ಈ ಕೊನೆಯ ಮಾತು ಅಕ್ಷರಶಃ ಅನ್ವಯಿಸುತ್ತದೆ. ಬಿಸಿಲು ಮಳೆಗೆ ಮಾಸುವ ಲೇಪವನ್ನು ಮತ್ತೆ ಮತ್ತೆ ಬಳಿಯಲೇಬೇಕು, ಬಳಿಯುವ ಕೈ ಬದಲಾದಂತೆ ಛಾಯೆಯೂ ಬದಲಾಗಬಹುದು. ಶಿಲ್ಪಗಳ ಈಗಿನ ವರ್ಣಗಳನ್ನೂ ಅವುಗಳಿಗೆ ಸುತ್ತಲಿನ ಊರವರು ಕೊಡುವ ಹೆಸರುಗಳನ್ನೂ ಒಟ್ಟಿಗೆ ದಾಖಲಿಸುವ ಕ್ಷೇತ್ರಕಾರ್ಯ ತುರ್ತಾಗಿ ಆಗಬೇಕಿದೆ. 2011ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದೂ ಇದೇ ಗೊಟಗೋಡಿಯಲ್ಲಿ.