ಖಾನಾವಳಿ ಮತ್ತು ಆಹಾರ ಸುರಕ್ಷತೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ನಮ್ಮ ರಾಜ್ಯದ ವಾಯವ್ಯ ಗಡಿಯಲ್ಲಿವೆ. ನಿಪ್ಪಾಣಿಯ ಮೂಲಕ ಪುಣೆ–ಬೆಂಗಳೂರು ಹೆದ್ದಾರಿ ಹಾಯ್ದುಹೋಗುತ್ತದೆ. ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ನಡೆಯುವ ಮಾಯಕ್ಕದೇವಿಯ ಜಾತ್ರೆಗೆ ಮಹಾರಾಷ್ಟ್ರದಿಂದಲೂ ಜನರು ಬಂದು ಸೇರುತ್ತಾರೆ. ಇಂತಹ ಕಡೆಗಳಲ್ಲಿ ಹಸಿದವರಿಗೆ ಖಾನಾವಳಿಯೇ ಆಸರೆ. ಉಣ್ಣುವವನು ಅಲ್ಲಿಯ ಅಡುಗೆಮನೆಯನ್ನು ಕಂಡಿರುವುದಿಲ್ಲ, ನಂಬಿ ಉಣ್ಣುತ್ತಾನೆ. ಆ ನಂಬಿಕೆಯನ್ನು ಕಾಯುವ ಬಗೆ ಯಾವುದು?

ಆಹಾರವನ್ನು ಕೆಡಿಸುವ ಸೂಕ್ಷ್ಮಜೀವಿಗಳು ಕಣ್ಣಿಗೆ ಕಾಣುವುದಿಲ್ಲ. 5ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆ ಅವುಗಳ ಬೆಳವಣಿಗೆಗೆ ಅನುಕೂಲವಾದುದು. ಕೆಲವು ಜೀವಿಗಳು ತಕ್ಕ ಸನ್ನಿವೇಶದಲ್ಲಿ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಈ ಲೆಕ್ಕದಂತೆ ಒಂದು ಜೀವಿಯು 4 ಗಂಟೆಗಳಲ್ಲಿ 4096 ಆಗುತ್ತದೆ. ಬೆಳಿಗ್ಗೆ ಮಾಡಿದ ಅನ್ನವನ್ನು ಹಾಗೆಯೇ ಇಟ್ಟು ರಾತ್ರಿ ಬಿಸಿ ಮಾಡಿದರಾಯಿತೆಂದು ಹಲವರು ತಿಳಿಯುತ್ತಾರೆ. ಆದರೆ ಬ್ಯಾಸಿಲಸ್ ಸೀರಿಯಸ್ ಎಂಬ ಜೀವಿಯ ಬೀಜಾಣುಗಳು ಬೇಯಿಸಿದರೂ ಉಳಿಯಬಲ್ಲವು. ಅವು ಆರಿದ ಅನ್ನದಲ್ಲಿ ಬೆಳೆದು ಉಂಟುಮಾಡುವ ಒಂದು ಬಗೆಯ ವಿಷವು ಮತ್ತೆ ಕಾಯಿಸಿದರೂ ನಾಶವಾಗುವುದಿಲ್ಲ. ಆದುದರಿಂದ ಬಿಸಿಯಾದುದನ್ನು 60 ಡಿಗ್ರಿಗಿಂತ ಮೇಲೆ, ತಣ್ಣಗಿರಬೇಕಾದುದನ್ನು 5 ಡಿಗ್ರಿಗಿಂತ ಕೆಳಗೆ ಇಡುವುದೇ ಸರಿಯಾದ ಮಾರ್ಗ.

ಕೆಟ್ಟ ಮೇಲೆ ಪರೀಕ್ಷಿಸುವುದಕ್ಕಿಂತ ಕೆಡದಂತೆ ಹಂತಹಂತದಲ್ಲಿ ಅಳೆದು ಬರೆದಿಡುವುದು ಮೇಲು. ಈ ಕ್ರಮವು 1960ರ ದಶಕದಲ್ಲಿ ಅಮೆರಿಕದ ಗಗನಯಾತ್ರಿಗಳ ಆಹಾರಕ್ಕಾಗಿ ರೂಪುಗೊಂಡಿತು. ನಮ್ಮ ದೇಶದಲ್ಲಿ 2006ರಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು ಬಂದಿತು. ಅದರಡಿಯಲ್ಲಿ ಸ್ಥಾಪಿತವಾದ ಪ್ರಾಧಿಕಾರವು 2017ರಲ್ಲಿ ಫಾಸ್ಟ್ಯಾಕ್ ಎಂಬ ತರಬೇತಿ ಯೋಜನೆಯನ್ನು ಆರಂಭಿಸಿತು. 25 ಮಂದಿ ಕೆಲಸಗಾರರಿಗೆ ಒಬ್ಬನಂತೆಯಾದರೂ ತರಬೇತಿ ಪಡೆದ ಮೇಲ್ವಿಚಾರಕನಿರಬೇಕೆಂಬುದು ಅದರ ಉದ್ದೇಶ. 2020ರಲ್ಲಿ ಬಂದ ಫಾಸ್ಕಾಸ್ ಎಂಬ ಜಾಲತಾಣದ ಮೂಲಕ ಪರವಾನಿಗೆಯ ವ್ಯವಹಾರವೂ ನಡೆಯುತ್ತದೆ.

ಇಂದು ಕೆಲಸಗಾರನ ಕೈಗೆ ಮೊಬೈಲ್ ಫೋನು, ಅಂಕಿ ತೋರಿಸುವ ಡಿಜಿಟಲ್ ಥರ್ಮಾಮೀಟರು ಬಂದಿವೆ. ಅಳತೆ, ವೇಳೆ, ಅಳೆದವನ ಹೆಸರು ಇವನ್ನು ಫೋನಿನಲ್ಲಿಯೇ ದಾಖಲಿಸಬಹುದು. ಆದರೆ ಉಪಕರಣವನ್ನು ಕೊಟ್ಟ ಮಾತ್ರಕ್ಕೆ ವಿದ್ಯೆ ಬರುವುದಿಲ್ಲ. ಥರ್ಮಾಮೀಟರಿನ ಮೊನೆಯನ್ನು ತೊಳೆದು ಪಾತ್ರೆಯ ನಡುಭಾಗಕ್ಕೆ ಇಳಿಸಬೇಕು. ಕರಗುತ್ತಿರುವ ಮಂಜುಗಡ್ಡೆಯ ನೀರಿನಲ್ಲಿ ಅದು 0 ಡಿಗ್ರಿ ತೋರಿಸುವುದೇ ಎಂದು ಆಗಾಗ ಪರೀಕ್ಷಿಸಬೇಕು. ಗಡಿಭಾಗದ ಅಡುಗೆಮನೆಗಳಲ್ಲಿ ಕನ್ನಡದವರೂ ಮರಾಠಿಯವರೂ ಒಟ್ಟಿಗೆ ದುಡಿಯುತ್ತಾರೆ. ಓದು ಬಾರದವರೂ ಇರಬಹುದು. ಆದುದರಿಂದ ಪಾಠವು ಅವರವರ ಮಾತಿನಲ್ಲಿ, ಚಿತ್ರಗಳ ಮೂಲಕ, ಒಲೆಯ ಬಳಿಯಲ್ಲಿಯೇ ನಡೆಯಬೇಕು.

ಇಲ್ಲಿ ಒಂದು ಅಪಾಯವೂ ಉಂಟು. ಮಧ್ಯಾಹ್ನ 3 ಗಂಟೆಗಳ ಕಾಲ ವಿದ್ಯುತ್ತು ಹೋಗಿ, ಫ್ರಿಜ್ಜಿನಲ್ಲಿಟ್ಟ ಹಾಲು 14 ಡಿಗ್ರಿಗೆ ಏರಿತೆಂದು ಭಾವಿಸೋಣ. ಗಿರಾಕಿಗಳ ಗದ್ದಲದಲ್ಲಿ ಅಳೆಯಲು ಬಿಡುವಿಲ್ಲದ ಕೆಲಸಗಾರನು ರಾತ್ರಿ ಬಾಗಿಲು ಹಾಕುವಾಗ ಊಹೆಯಿಂದ 4 ಎಂದು ತುಂಬಿದನು. ಫೋನಿನ ಪರದೆಯ ಮೇಲೆ ಎಲ್ಲವೂ ಸರಿಯಾಗಿದೆ. ಆದರೆ ಹಾಲು ಸರಿಯಾಗಿಲ್ಲ. ಕಾಗದದ ಸುಳ್ಳು ಫೋನಿಗೆ ಬಂದರೆ ನಿಜವಾಗುವುದಿಲ್ಲ. ತಪ್ಪು ಅವನೊಬ್ಬನದೇ ಅಲ್ಲ. 14 ಎಂದು ನಿಜ ಬರೆದವನನ್ನು ಗದರಿಸುವ ಯಜಮಾನನಿಗೆ ಮರುದಿನದಿಂದ 4 ಎಂಬ ಸುಳ್ಳೇ ದೊರೆಯುತ್ತದೆ. ಆ ಹಾಲನ್ನು ಚೆಲ್ಲಿದ ನಷ್ಟವನ್ನು ತಾಳಿಕೊಂಡು, ನಿಜ ಹೇಳಿದವನನ್ನು ಮೆಚ್ಚುವ ಯಜಮಾನನೇ ತರಬೇತಿಯನ್ನು ಸಾರ್ಥಕಗೊಳಿಸುತ್ತಾನೆ.

ಯಂತ್ರವು ಅಳೆಯುತ್ತದೆ, ನೆನಪಿಡುತ್ತದೆ. ಅಪರಿಚಿತನ ಊಟವನ್ನು ತನ್ನ ಮನೆಯವರ ಊಟದಂತೆ ಕಾಯುವ ಮನಸ್ಸು ಮಾತ್ರ ಮನುಷ್ಯನದೇ ಆಗಿರಬೇಕು.