ಮಧ್ಯಾಹ್ನ ಎರಡಕ್ಕೆ ಊಟ, ರಾತ್ರಿ ಹತ್ತಕ್ಕೆ ಪೇಟೆ

ಪ್ರೀತಿಯ ಹುಡುಗಿ,

ನೀವಿಬ್ಬರೂ ಕೂತು ಬರೆದ ಪಟ್ಟಿ ಬಂತು. ಮೇ ತಿಂಗಳಲ್ಲಿ ಹನ್ನೊಂದು ರಾತ್ರಿ, ಏಳು ಊರು: ಮ್ಯಾಡ್ರಿಡ್, ಟೊಲೆಡೊ, ಕೊರ್ಡೊಬಾ, ಸೆವಿಲ್, ಗ್ರಾನಡಾ, ವೆಲೆನ್ಸಿಯಾ, ಬಾರ್ಸಿಲೋನಾ. ಅಂಚಿನಲ್ಲಿ ನಿನ್ನ ಗಂಡ ಪೆನ್ಸಿಲಿನಲ್ಲಿ ಸೇರಿಸಿದ ಬುನ್ಯೋಲ್ ಬೇರೆ. 2011ರಲ್ಲಿ ‘ಜಿಂದಗಿ ನಾ ಮಿಲೇಗಿ ದೋಬಾರಾ’ ಸಿನಿಮಾ ಬಂದಮೇಲೆ ಸ್ಪೇನ್ ಅಂದರೆ ನಮ್ಮ ಹುಡುಗರಿಗೆ ಆ ಊರಿನ ಟೊಮ್ಯಾಟೊ ಎರಚಾಟವೇ. ಅವನಿಗೆ ಹೇಳು: ಅದು ನಡೆಯುವುದು ಆಗಸ್ಟಿನ ಕೊನೆಯ ಬುಧವಾರ. ಅದೇ ಸಿನಿಮಾದ ಪಾಂಪ್ಲೋನಾ ಗೂಳಿ ಓಟ ಜುಲೈಯಲ್ಲಿ. ಮೇ ತಿಂಗಳಲ್ಲಿ ಬುನ್ಯೋಲಿಗೆ ಹೋದರೆ ಟೊಮ್ಯಾಟೊ ಕಾಣುವುದು ತರಕಾರಿ ಅಂಗಡಿಯಲ್ಲಿ ಮಾತ್ರ.

ತಿಂಗಳೇನೋ ಒಳ್ಳೆಯದನ್ನೇ ಆರಿಸಿದ್ದೀರಿ. ದಕ್ಷಿಣದ ಆಂದಲೂಸಿಯಾ ಜುಲೈ, ಆಗಸ್ಟಿನಲ್ಲಿ ಬಾಣಲೆಯಂತೆ ಕಾಯುತ್ತದೆ. ಕೊರ್ಡೊಬಾ ಪ್ರಾಂತ್ಯದ ಲಾ ರಾಂಬ್ಲಾದಲ್ಲಿ 2021ರ ಆಗಸ್ಟ್ 14ರಂದು 47.6 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಕಲಬುರಗಿಯವರೂ ಅಂಥ ಬಿಸಿಲಿಗೆ ದುಡ್ಡು ಕೊಟ್ಟು ಹೋಗಲಾರರು.

ಊರುಗಳ ಲೆಕ್ಕಕ್ಕೆ ಮಾತ್ರ ಕತ್ತರಿ ಹಾಕಬೇಕು. ಮ್ಯಾಡ್ರಿಡಿಗೆ ಮೂರು ರಾತ್ರಿ, ಸೆವಿಲಿಗೆ ಮೂರು, ಗ್ರಾನಡಾಕ್ಕೆ ಎರಡು, ಬಾರ್ಸಿಲೋನಾಕ್ಕೆ ಮೂರು. ಕೊರ್ಡೊಬಾವನ್ನು ಸೆವಿಲಿನಿಂದ ಹೋಗಿ ನೋಡಿ ಬನ್ನಿ, ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಟೊಲೆಡೊ, ವೆಲೆನ್ಸಿಯಾ ಇನ್ನೊಂದು ಸಲಕ್ಕಿರಲಿ. ಹೀಗೆ ಕತ್ತರಿಸುವುದಕ್ಕೆ ದಣಿವು ಒಂದು ಕಾರಣ, ದೊಡ್ಡ ಕಾರಣ ಸ್ಪೇನಿನ ಗಡಿಯಾರ. ಆ ದೇಶದ ಹೊತ್ತುಗೊತ್ತು ತಿಳಿಯದೆ ಹೋದ ಜೋಡಿಗಳು ಸಂಜೆ ಏಳಕ್ಕೆ ಹಸಿದುಕೊಂಡು, ತೆರೆದಿದ್ದ ಒಂದೇ ಹೋಟೆಲಿಗೆ ನುಗ್ಗಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚಾದ ಪಯೆಯಾ ಚಿತ್ರಕ್ಕೆ ಬೆರಳು ತೋರಿಸಿ, ಸಪ್ಪೆ ಹಳದಿ ಅನ್ನ ತಿಂದು ಮಲಗುತ್ತಾರೆ. ಅವರು ಎದ್ದು ಹೋದ ಒಂದೂವರೆ ಗಂಟೆಯ ನಂತರ ಊರಿಗೆ ಊಟದ ಹೊತ್ತಾಗುತ್ತದೆ.

ಇದಕ್ಕೆ ಅರ್ಧ ಕಾರಣ ರಾಜಕೀಯ. ಭೂಪಟದಲ್ಲಿ ಮ್ಯಾಡ್ರಿಡ್ ಇರುವುದು ಲಂಡನ್ನಿನ ಗ್ರೀನಿಚ್‌ಗಿಂತ ಪಶ್ಚಿಮಕ್ಕೆ. ನ್ಯಾಯವಾಗಿ ಲಂಡನ್ ಸಮಯವೇ ಇರಬೇಕಿತ್ತು. 1940ರ ಮಾರ್ಚಿನಲ್ಲಿ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಜರ್ಮನಿಯ ಸಮಯಕ್ಕೆ ಹೊಂದಿಸಿತು. ಯುದ್ಧ ಮುಗಿಯಿತು, ಫ್ರಾಂಕೊ ಹೋದ, ಗಡಿಯಾರ ಹಿಂದಕ್ಕೆ ಬರಲಿಲ್ಲ. ಬೇಸಿಗೆ ಸಮಯದ ಇನ್ನೊಂದು ಗಂಟೆ ಸೇರಿದರೆ ಮ್ಯಾಡ್ರಿಡಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಎರಡೂಕಾಲಕ್ಕೆ. ಜನ ಊಟಕ್ಕೆ ಕೂರುವುದೂ ಆಗಲೇ. ಗಡಿಯಾರ ಸುಳ್ಳು ಹೇಳಿದರೂ ಹೊಟ್ಟೆ ಸೂರ್ಯನ ಮಾತನ್ನೇ ಕೇಳುತ್ತಿದೆ. ನೀವು ಹೋಗುವ ಹೊತ್ತಿಗೆ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ.

ಆದ್ದರಿಂದ ದಿನವನ್ನು ಹೀಗೆ ಕಟ್ಟಿಕೊಳ್ಳಿ. ಬೆಳಿಗ್ಗೆ ಕಾಫಿ, ಟೊಮ್ಯಾಟೊ ತಿರುಳು ಮತ್ತು ಆಲಿವ್ ಎಣ್ಣೆ ಸವರಿದ ಸುಟ್ಟ ಬ್ರೆಡ್. ಎರಡು ಗಂಟೆಯವರೆಗೆ ತಿರುಗಾಟ. ಎರಡಕ್ಕೆ ಕೂತು ಪೂರ್ತಿ ಊಟ, ಆಮೇಲೆ ನಿದ್ದೆ ಅಥವಾ ನೆರಳು. ಏಳಕ್ಕೆ ಮತ್ತೆ ಹೊರಗೆ, ಒಂಬತ್ತರ ಮೇಲೆ ನಿಂತುಕೊಂಡೇ ಅಷ್ಟಿಷ್ಟು ಬಾಯಾಡಿಸುವುದು. ಮಧ್ಯಾಹ್ನಕ್ಕೆ ‘ಮೆನು ದೆಲ್ ದಿಯಾ’ ಕೇಳಿ. ಮೊದಲ ತಟ್ಟೆ, ಎರಡನೆಯ ತಟ್ಟೆ, ಬ್ರೆಡ್, ಕುಡಿಯಲೊಂದು, ಕೊನೆಗೆ ಸಿಹಿ ಅಥವಾ ಕಾಫಿ. ಎಲ್ಲ ಸೇರಿ ಮ್ಯಾಡ್ರಿಡಿನಲ್ಲಿ ಸಾಮಾನ್ಯವಾಗಿ 14ರಿಂದ 18 ಯೂರೋ. 1960ರ ದಶಕದಲ್ಲಿ ಪ್ರವಾಸಿಗರಿಗೆಂದು ಸರ್ಕಾರವೇ ಹೋಟೆಲುಗಳ ಮೇಲೆ ಹೇರಿದ ನಿಗದಿ ಬೆಲೆಯ ಊಟ ಇದರ ಮೂಲ. ಪ್ರವಾಸಿಗರು ಅದನ್ನು ಮರೆತರು, ಆಫೀಸಿನವರು ಉಳಿಸಿಕೊಂಡರು. ವಾರದ ದಿನಗಳಲ್ಲಿ ಮಧ್ಯಾಹ್ನ ಮಾತ್ರ ಸಿಗುವುದು ಹೆಚ್ಚು. ಅದೇ ಹೋಟೆಲಿನಲ್ಲಿ ರಾತ್ರಿ ಉಂಡರೆ ಬಿಲ್ಲು ದುಪ್ಪಟ್ಟಾದರೂ ಆಶ್ಚರ್ಯವಿಲ್ಲ.

ಇನ್ನು ನಿಮ್ಮ ಮನೆಯ ಒಳಜಗಳ. ನೀನು ಮಂಗಳೂರಿನ ಹುಡುಗಿ, ಮೀನಿಲ್ಲದೆ ಆಗದು. ಅವನು ಸಸ್ಯಾಹಾರಿ, ಮೊಟ್ಟೆ ಮಾತ್ರ ಮುಟ್ಟುತ್ತಾನೆ. ಸ್ಪೇನಿನಲ್ಲಿ ಮಾಂಸ ಬೇಡವೆಂದರೆ ಹಂದಿಯ ಒಣತೊಡೆ ಹಮೋನ್ ಆಗಲಿ, ಟ್ಯೂನಾ ಮೀನಾಗಲಿ ಮಾಂಸವೆಂದು ಎಷ್ಟೋ ಮಾಣಿಗಳಿಗೆ ಅನಿಸುವುದೇ ಇಲ್ಲ. ಬರೀ ಸೊಪ್ಪಿನ ಸಲಾಡ್ ಎಂದುಕೊಂಡ ತಟ್ಟೆಯ ಮೇಲೆ ಟ್ಯೂನಾ ಕೂತಿರುತ್ತದೆ. ‘ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೆಸ್ಕಾದೊ’ ಎಂದು ಮೂರನ್ನೂ ಬಿಡಿಬಿಡಿಯಾಗಿ ಹೇಳಲು ಅವನು ಬಾಯಿಪಾಠ ಮಾಡಲಿ. ಅಷ್ಟು ಕಲಿತರೆ ಅವನಿಗೆ ಕೊರತೆಯಿಲ್ಲ. ಆಲೂಗಡ್ಡೆ, ಮೊಟ್ಟೆಯ ದಪ್ಪ ತೋರ್ತಿಯಾ. ಉಪ್ಪು ಉದುರಿಸಿ ಹುರಿದ ಪದ್ರೋನ್ ಮೆಣಸಿನಕಾಯಿ. ಕರಿದ ಬದನೆಯ ಮೇಲೆ ಕಬ್ಬಿನ ಕಾಕಂಬಿ ಸುರಿದ ಆಂದಲೂಸಿಯಾದ ತಿನಿಸು. ತಟ್ಟೆಗಳನ್ನು ನಡುವೆ ಇಟ್ಟು ಹಂಚಿಕೊಳ್ಳುವುದೇ ಅಲ್ಲಿನ ರೂಢಿಯಾದ್ದರಿಂದ ಒಬ್ಬೊಬ್ಬರಿಗೆ ಒಂದೊಂದು ದೊಡ್ಡ ಊಟ ಹೇಳುವ ಅಗತ್ಯವೂ ಇಲ್ಲ. ‘ಮೀಡಿಯಾ ರಾಸಿಯೋನ್’ ಅಂದರೆ ಅರ್ಧ ತಟ್ಟೆ ಕೊಡುತ್ತಾರೆ.

ಮ್ಯಾಡ್ರಿಡಿನಲ್ಲಿ 1725ರಿಂದ ನಡೆಯುತ್ತಿರುವ ಬೊತಿನ್ ಹೋಟೆಲಿದೆ, ಜಗತ್ತಿನಲ್ಲೇ ಹಳೆಯದೆಂದು ಗಿನ್ನೆಸ್ ದಾಖಲೆ. ಅಲ್ಲಿನ ಹೆಗ್ಗಳಿಕೆ ಒಲೆಯಲ್ಲಿ ಸುಟ್ಟ ಹಾಲುಗುಡಿಯುವ ಹಂದಿಮರಿ. ನಿಮಗಿಬ್ಬರಿಗೂ ಬೇಡದ ವಸ್ತು. ಹೊರಗಿನಿಂದ ಬಾಗಿಲು ನೋಡಿ ಮುಂದೆ ಹೋಗಿ. ಅದರ ಬದಲು 1894ರ ಸಾನ್ ಹಿನೇಸ್ ಅಂಗಡಿಯಲ್ಲಿ ಮಧ್ಯರಾತ್ರಿ ಚುರೋಸ್ ತಿನ್ನಿ: ಹಿಟ್ಟು, ನೀರು, ಉಪ್ಪು ಕಲಸಿ ಎಣ್ಣೆಯಲ್ಲಿ ಕರಿದದ್ದು, ಅದ್ದಿಕೊಳ್ಳಲು ಚಮಚ ನಿಲ್ಲುವಷ್ಟು ಗಟ್ಟಿ ಚಾಕೊಲೇಟ್.

1819ರಲ್ಲಿ ತೆರೆದ ಪ್ರಾದೊ ಚಿತ್ರಶಾಲೆಗೆ ಜೋಡಿಗಳು ಹೋಗುವ ರೀತಿ ತಮಾಷೆಯಾಗಿರುತ್ತದೆ. ಒಬ್ಬರಿಗೆ ಚಿತ್ರ ಬೇಕು, ಇನ್ನೊಬ್ಬರಿಗೆ ಬೆಂಚು ಬೇಕು, ಇಬ್ಬರೂ ಒಬ್ಬರ ಮುಖ ಇನ್ನೊಬ್ಬರು ನೋಡುತ್ತ ಎಲ್ಲ ಕೋಣೆಗಳನ್ನೂ ಮುಗಿಸುತ್ತಾರೆ. ಒಳಗೆ ಹೋದಕೂಡಲೇ ಬೇರೆಯಾಗಿ. ಒಂದು ಗಂಟೆಯ ನಂತರ ವೆಲಾಸ್ಕೆಸ್‌ನ ‘ಲಾಸ್ ಮೆನಿನಾಸ್’ ಎದುರು ಸೇರಿ. 1656ರ ಆ ಚಿತ್ರದಲ್ಲಿ ಕಲಾವಿದ ಕುಂಚ ಹಿಡಿದು ನೋಡುಗರತ್ತಲೇ ನೋಡುತ್ತಾನೆ. ಅವನು ಬರೆಯುತ್ತಿರುವ ರಾಜ ರಾಣಿಯರು ಹಿಂದಿನ ಕನ್ನಡಿಯಲ್ಲಿ ಮಸುಕಾಗಿ ಕಾಣುತ್ತಾರೆ. ಆಮೇಲೆ ತಾನು ಕಂಡುಕೊಂಡ ಒಂದೊಂದು ಚಿತ್ರದ ಹತ್ತಿರ ಒಬ್ಬರನ್ನೊಬ್ಬರು ಕರೆದುಕೊಂಡು ಹೋಗಿ. ಒಳಗೆ ಫೋಟೊ ತೆಗೆಯುವಂತಿಲ್ಲ, ಹಾಗಾಗಿ ಮಾತಾಡಲೇಬೇಕಾಗುತ್ತದೆ. ಗೋಯಾ ತನ್ನ ಮನೆಯ ಗೋಡೆಗಳ ಮೇಲೆ ಬರೆದುಕೊಂಡ 14 ಕಪ್ಪು ಚಿತ್ರಗಳನ್ನು ಊಟಕ್ಕೆ ಮೊದಲು ನೋಡಬೇಡಿ. ಮಗನನ್ನೇ ತಿನ್ನುವ ಸ್ಯಾಟರ್ನ್ ಅಲ್ಲಿದ್ದಾನೆ. ಸೋಮವಾರದಿಂದ ಶನಿವಾರ ಸಂಜೆ ಆರರಿಂದ ಎಂಟರವರೆಗೆ ಪ್ರವೇಶ ಉಚಿತ, ಸರದಿ ಮಾತ್ರ ಉದ್ದ.

ಪಿಕಾಸೊನ ‘ಗೆರ್ನಿಕಾ’ ಇರುವುದು ಹತ್ತಿರದ ರೇನಾ ಸೋಫಿಯಾದಲ್ಲಿ. 1937ರ ಏಪ್ರಿಲ್ 26ರಂದು ಫ್ರಾಂಕೊ ಪರವಾಗಿ ಜರ್ಮನ್, ಇಟಾಲಿಯನ್ ವಿಮಾನಗಳು ಅದೇ ಹೆಸರಿನ ಬಾಸ್ಕ್ ಊರನ್ನು ಸುಟ್ಟವು. ಚಿತ್ರ ಅದೇ ವರ್ಷದ್ದು. ಸ್ಪೇನಿನಲ್ಲಿ ಪ್ರಜಾತಂತ್ರ ಮರಳುವ ತನಕ ಚಿತ್ರ ಅಲ್ಲಿಗೆ ಹೋಗಕೂಡದೆಂದು ಪಿಕಾಸೊ ಹಟ ಹಿಡಿದಿದ್ದ. ನ್ಯೂಯಾರ್ಕಿನಲ್ಲಿ ಕಾದಿದ್ದ ಅದು ಮ್ಯಾಡ್ರಿಡಿಗೆ ಬಂದದ್ದು 1981ರಲ್ಲಿ, ಬರೆದವನು ತೀರಿಕೊಂಡು ಎಂಟು ವರ್ಷವಾದ ಮೇಲೆ.

ಸೆವಿಲಿಗೆ ರೈಲಿನಲ್ಲೇ ಹೋಗಿ. ಸ್ಪೇನಿನ ಮೊದಲ ವೇಗದ ರೈಲುದಾರಿ ಇದೇ, 1992ರ ವಿಶ್ವ ಪ್ರದರ್ಶನಕ್ಕಾಗಿ ಹಾಕಿದ್ದು. ಎರಡೂವರೆ ಗಂಟೆಯ ಪ್ರಯಾಣ. ನಿಲ್ದಾಣದಲ್ಲಿ ಸಾಮಾನು ಸ್ಕ್ಯಾನ್ ಮಾಡುತ್ತಾರೆ, ಬಾಗಿಲು ಮುಂಚೆಯೇ ಮುಚ್ಚುತ್ತದೆ. ನಮ್ಮ ಹಾಗೆ ಹೊರಟ ಗಾಡಿಗೆ ಓಡಿ ಹತ್ತುವ ಆಟ ನಡೆಯದು.

ಅಲ್ಲಿನ ಕೆಥೆಡ್ರಲ್‌ನಲ್ಲಿ ಕೊಲಂಬಸನ ಶವಪೆಟ್ಟಿಗೆಯನ್ನು ನಾಲ್ಕು ರಾಜ್ಯಗಳ ನಾಲ್ಕು ಮೂರ್ತಿಗಳು ಹೆಗಲ ಮೇಲೆ ಹೊತ್ತಿವೆ. ಅದರೆದುರು ಸ್ವಲ್ಪ ನಿಲ್ಲಿ. ಇಂಡಿಯಾದ ಸಂಬಾರ ಪದಾರ್ಥಗಳ ಆಸೆಗೆ ಹೊರಟ ಈ ಮನುಷ್ಯ ತಲುಪಿದ್ದು ಬೇರೆ ಖಂಡ. ಅಲ್ಲಿಂದ ಸ್ಪೇನಿಗೆ ಬಂದದ್ದು ಕೆಂಪು ಮೆಣಸಿನಕಾಯಿ, ಹಿಂದಿನಿಂದ ಟೊಮ್ಯಾಟೊ, ಆಲೂಗಡ್ಡೆ. ಪೋರ್ಚುಗೀಸರ ಹಡಗಿನಲ್ಲಿ ಅದೇ ಮೆಣಸಿನಕಾಯಿ ನಮ್ಮ ಕರಾವಳಿಗಿಳಿದು, ಈಗ ಬ್ಯಾಡಗಿಯಿಲ್ಲದೆ ನಿನ್ನಮ್ಮನ ಗಸಿಯಿಲ್ಲ. ಇನ್ನೂ ಒಂದು ನಂಟಿದೆ. 1580ರ ಆಸುಪಾಸಿನಲ್ಲಿ ಸ್ಪೇನಿನ ಎರಡನೆಯ ಫಿಲಿಪ್ ಪೋರ್ಚುಗಲ್ಲಿಗೂ ರಾಜನಾದ. ಹಾಗಾಗಿ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಳುಮೆಣಸನ್ನು ಕೊಳ್ಳುತ್ತ, ಆಕೆಯನ್ನು ಮೆಣಸಿನ ರಾಣಿ ಎಂದು ಕರೆಯುತ್ತಿದ್ದ ಗೋವೆಯ ಪೋರ್ಚುಗೀಸರು ಆಮೇಲೆ ಮ್ಯಾಡ್ರಿಡಿನ ದೊರೆಗೂ ಪ್ರಜೆಗಳಾದರು. ಬರುವಾಗ ಲಾ ವೇರಾದ ಪಿಮೆಂತೋನ್ ಒಂದು ಡಬ್ಬಿ ತಾ. ಓಕ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿಯ ಪುಡಿ ಅದು. ಬ್ಯಾಡಗಿಯ ಹಾಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ನಿನ್ನಮ್ಮ ಮೂಸಿ ನೋಡಿ ಏನನ್ನುತ್ತಾಳೋ ಕೇಳಬೇಕು.

ಪಕ್ಕದ ಹಿರಾಲ್ದಾ ಗೋಪುರ ಹಿಂದೆ ಮಸೀದಿಯ ಮಿನಾರು. ಹತ್ತಲು ಮೆಟ್ಟಿಲಿಲ್ಲ, ಇಳಿಜಾರು ದಾರಿ. ಆಜಾನ್ ಕೂಗುವವನು ಕುದುರೆಯ ಮೇಲೆ ಹೋಗಲೆಂದು ಹಾಗೆ ಕಟ್ಟಿದ್ದಂತೆ. ಬೀದಿಯ ಕಿತ್ತಳೆ ಮರಗಳ ಹಣ್ಣು ಕೀಳಬೇಡಿ, ಬಾಯಿಗಿಟ್ಟರೆ ಕಹಿ. ಸಂಜೆ ಎಲ್ ರಿಂಕೊನ್ಸಿಯೊ ಬಾರಿಗೆ ಹೋಗಿ, 1670ರದ್ದು. ಮಾಣಿ ನಿಮ್ಮ ಲೆಕ್ಕವನ್ನು ಮರದ ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾನೆ. ಅಲ್ಲಿ ಪಾಲಕ್ ಮತ್ತು ಕಡಲೆಕಾಳಿನ ಪಲ್ಯ ಹೇಳಿ. ಜೀರಿಗೆಯ ಘಮಕ್ಕೆ ನಿನ್ನ ಗಂಡನ ಕಣ್ಣು ಅರಳುತ್ತದೆ. ನಿನಗೆ ಹಿಟ್ಟಿನಲ್ಲಿ ಹೊರಳಿಸಿ ಕರಿದ ಬೊಕೆರೋನ್ ಎಂಬ ಸಣ್ಣ ಮೀನು. ಮಸಾಲೆ ಹುಡುಕಬೇಡ, ಇರುವುದಿಲ್ಲ. ಮೀನು ತಾಜಾ ಇದ್ದರೆ ಮಸಾಲೆ ಯಾಕೆ ಎಂದು ಅವರೂ, ತಾಜಾ ಮೀನಿಗೇ ಮಸಾಲೆ ಬೇಕು ಎಂದು ನಾವೂ ವಾದಿಸಬಹುದು.

ಕೊರ್ಡೊಬಾದ ಮೆಸ್ಕೀತಾವನ್ನು ಬೆಳಿಗ್ಗೆಯೇ ನೋಡಿ. ಎಂಟನೆಯ ಶತಮಾನದಲ್ಲಿ ಒಂದನೆಯ ಅಬ್ದುಲ್ ರಹಮಾನ್ ಶುರುಮಾಡಿದ ಮಸೀದಿ, 1236ರಿಂದ ಚರ್ಚು. ಮೊದಲು ಕಟ್ಟಿದವರ ಕೈಯಲ್ಲಿದ್ದದ್ದು ರೋಮನ್ನರ, ವಿಸಿಗಾಥರ ಹಳೆಯ ಕಟ್ಟಡಗಳಿಂದ ಕಿತ್ತ ಕಂಬಗಳು, ಎಲ್ಲ ಗಿಡ್ಡ. ಮಾಡು ಎತ್ತರಿಸಲು ಕಮಾನಿನ ಮೇಲೆ ಕಮಾನು ಕೂರಿಸಿದರು. ಕಟ್ಟಡ ಸಾಮಾನಿನ ಆ ಕೊರತೆಯಿಂದಲೇ ಕೆಂಪು ಬಿಳಿ ಪಟ್ಟೆಯ ಜೋಡಿ ಕಮಾನುಗಳ ಸೊಬಗು ಹುಟ್ಟಿತು. 16ನೆಯ ಶತಮಾನದಲ್ಲಿ ನಡುಮಧ್ಯದ ಕಂಬಗಳನ್ನು ತೆಗೆದು ಒಂದು ಕೆಥೆಡ್ರಲ್ ತುರುಕಿದ್ದಾರೆ. ಚೆನ್ನಾಗಿದೆಯೋ ಕೆಟ್ಟಿದೆಯೋ ನೀವೇ ಜಗಳವಾಡಿ ತೀರ್ಮಾನಿಸಿ. ಮಧ್ಯಾಹ್ನಕ್ಕೆ ತಣ್ಣಗಿನ ಸಾಲ್ಮೊರೆಹೊ: ಟೊಮ್ಯಾಟೊ, ಬ್ರೆಡ್, ಬೆಳ್ಳುಳ್ಳಿ, ಆಲಿವ್ ಎಣ್ಣೆ ಅರೆದ ಗಟ್ಟಿ ಸಾರು. ಮೇಲೆ ಉದುರಿಸುವ ಹಮೋನ್ ಚೂರು ಬೇಡವೆನ್ನಲು ಮರೆಯಬೇಡಿ. ಮೇ ಮೊದಲಾರ್ಧದಲ್ಲಿ ಅಲ್ಲಿನವರು ತಮ್ಮ ಮನೆಯ ಹೂವಿನ ಅಂಗಳಗಳನ್ನು ಊರಿಗೆಲ್ಲ ತೆರೆದಿಡುತ್ತಾರೆ.

ಗ್ರಾನಡಾದ ಅಲ್ಹಾಂಬ್ರಾ ಕೋಟೆಯ ವಿಷಯದಲ್ಲಿ ಕಟ್ಟುನಿಟ್ಟಿರಲಿ. ವಿಮಾನದ ಟಿಕೆಟ್ಟಾದ ಮೇಲೆ ಮೊದಲು ಕೊಳ್ಳಬೇಕಾದ್ದು ಇದರ ಟಿಕೆಟ್. ಪಾಸ್‌ಪೋರ್ಟಿನ ಹೆಸರು, ಸಂಖ್ಯೆಯಲ್ಲೇ ಕೊಳ್ಳಬೇಕು. ನಸ್ರಿದ್ ಅರಮನೆಗಳಿಗೆ ಅರ್ಧ ಗಂಟೆಯ ಹೊತ್ತು ಗೊತ್ತು ಮಾಡಿರುತ್ತಾರೆ, ತಪ್ಪಿದರೆ ಒಳಗೆ ಬಿಡುವುದಿಲ್ಲ. ಬೆಟ್ಟದ ಮೇಲೆ ನೀರಿಲ್ಲದ ಜಾಗ ಅದು. 13ನೆಯ ಶತಮಾನದಲ್ಲಿ ನಸ್ರಿದ್ ದೊರೆಗಳು ಮೇಲ್ದಂಡೆಯಲ್ಲಿ ದಾರ್ರೊ ನದಿಗೆ ಅಡ್ಡಕಟ್ಟೆ ಹಾಕಿ, ಕಿಲೋಮೀಟರುಗಟ್ಟಲೆ ಕಾಲುವೆ ತೋಡಿ, ಇಳಿಜಾರಿನ ಬಲದಿಂದಲೇ ಅರಮನೆಯ ಕೊಳ, ಕಾರಂಜಿ, ತೋಟಗಳಿಗೆ ನೀರು ತಂದರು. ಪಂಪಿಲ್ಲ, ಸದ್ದಿಲ್ಲ. ಕಲ್ಲಿನ ಹನ್ನೆರಡು ಸಿಂಹಗಳ ಬೆನ್ನ ಮೇಲೆ ನಿಂತ ಬೋಗುಣಿಯ ಸುತ್ತ ಕೆತ್ತಿರುವುದು ಆಸ್ಥಾನಕವಿ ಇಬ್ನ್ ಜಮ್ರಕ್‌ನ ಪದ್ಯ. ಗೋಡೆಯ ತುಂಬ ಬರಹವೇ. ನೋಡುವವರಲ್ಲಿ ಹೆಚ್ಚಿನವರು ಅದನ್ನು ಬಳ್ಳಿಯ ಚಿತ್ತಾರವೆಂದುಕೊಂಡು ದಾಟುತ್ತಾರೆ. 1492ರ ಜನವರಿ 2ರಂದು ಕೊನೆಯ ಸುಲ್ತಾನ ಬೊಅಬ್ದಿಲ್ ಕೋಟೆಯನ್ನು ಕ್ರೈಸ್ತ ದೊರೆಗಳಾದ ಇಸಬೆಲ್ಲಾ, ಫರ್ಡಿನಾಂಡರಿಗೆ ಒಪ್ಪಿಸಿದ. ಅದೇ ವರ್ಷದ ಏಪ್ರಿಲಿನಲ್ಲಿ ಊರಾಚೆಯ ಸಾಂತಾ ಫೆಯಲ್ಲಿ ಕೊಲಂಬಸನ ಸಮುದ್ರಯಾನದ ಒಪ್ಪಂದಕ್ಕೆ ಸಹಿಬಿತ್ತು.

ರಾತ್ರಿಯ ಊಟಕ್ಕೆ ಈ ಊರಿನಲ್ಲಿ ಹೆಚ್ಚು ದುಡ್ಡು ಬೇಡ. ಒಂದು ಲೋಟ ಕುಡಿಯಲು ಹೇಳಿದರೆ ಜೊತೆಗೊಂದು ತಪಾ ಪುಕ್ಕಟೆ. ಮದ್ಯ ಬೇಡದವರು ದ್ರಾಕ್ಷಿ ರಸ ಮೋಸ್ತೊ ಕೇಳಬಹುದು. ಯಾವ ತಿಂಡಿ ಎಂಬುದು ಬಾರಿನವರ ಇಷ್ಟ, ಆದ್ದರಿಂದ ಗಂಡನ ಬಾಯಿಪಾಠ ಲೋಟ ಬರುವ ಮೊದಲೇ ಆಗಲಿ.

ಗ್ರಾನಡಾದಿಂದ ಬಾರ್ಸಿಲೋನಾಕ್ಕೆ ರೈಲಿನಲ್ಲಿ ಆರು ಗಂಟೆಗೂ ಮೀರುತ್ತದೆ, ಇದೊಂದು ಕಡೆ ವಿಮಾನ ಹಿಡಿಯಿರಿ. ಬಾರ್ಸಿಲೋನಾ ಬಗ್ಗೆ ನಿನಗೆ ಎಲ್ಲರೂ ಹೇಳಿರುತ್ತಾರೆ, ಇಲ್ಲಿ ಚುಟುಕಾಗಿ ಮುಗಿಸಬಹುದು. ಸಗ್ರಾದಾ ಫಮಿಲಿಯಾ 1882ರಲ್ಲಿ ಶುರುವಾಯಿತು. 1926ರಲ್ಲಿ ಟ್ರಾಮ್ ಬಡಿದು ಅದರ ವಾಸ್ತುಶಿಲ್ಪಿ ಗೌಡಿ ತೀರಿಕೊಂಡ. 2025ರ ಅಕ್ಟೋಬರಿನಲ್ಲಿ ಅದು ಜಗತ್ತಿನ ಅತಿ ಎತ್ತರದ ಚರ್ಚಾಯಿತು. ಇಳಿಹೊತ್ತಿನಲ್ಲಿ ಹೋದರೆ ಪಡುವಣ ಗಾಜಿನ ಕೆಂಪು, ಕಿತ್ತಳೆ ಬಣ್ಣ ಒಳಗಿನ ಕಂಬಗಳ ಮೇಲೆ ಬೀಳುತ್ತದೆ. ರಾಂಬ್ಲಾ ಬೀದಿಯಲ್ಲಿ ಜೇಬುಗಳ್ಳರಿದ್ದಾರೆ, ರಾತ್ರಿಯ ಪಯೆಯಾ ಕೂಡ ಅಲ್ಲೇ ಇದೆ; ಎರಡರಿಂದಲೂ ದೂರವಿರಿ. ಪಯೆಯಾ ವೆಲೆನ್ಸಿಯಾದವರ ಮಧ್ಯಾಹ್ನದ ಅಡುಗೆ, ಅಸಲಿಗೆ ಮೊಲ ಮತ್ತು ಕೋಳಿಯದು. ಗಂಡನಿಗೆ ಇಲ್ಲಿ ಎಸ್ಕಾಲಿವಾದಾ ಸಿಗುತ್ತದೆ, ಬದನೆ ಮತ್ತು ದೊಡ್ಡಮೆಣಸಿನಕಾಯಿ ಕೆಂಡದಲ್ಲಿ ಸುಟ್ಟು ಸಿಪ್ಪೆ ಸುಲಿದು ಎಣ್ಣೆ ಹಾಕಿದ್ದು. ಎಣ್ಣೆಗಾಯಿ ಮನೆಯವನಿಗೆ ಬೇರೆ ಏನು ಬೇಕು?

ಒಂದು ಮಾತು ಮಾತ್ರ ಗಟ್ಟಿಯಾಗಿ. ವಾಸಕ್ಕೆ ಅಪಾರ್ಟ್‌ಮೆಂಟ್ ಹಿಡಿಯಬೇಡಿ, ಹೋಟೆಲಿನಲ್ಲಿ ಇಳಿಯಿರಿ. 2024ರಲ್ಲಿ ಸ್ಪೇನಿಗೆ ಸುಮಾರು 9.4 ಕೋಟಿ ವಿದೇಶಿಯರು ಬಂದರು. ಆ ಜುಲೈಯಲ್ಲಿ ಬಾರ್ಸಿಲೋನಾದ ಪ್ರತಿಭಟನಾಕಾರರು ಹೋಟೆಲುಗಳ ಹೊರಗೆ ಕೂತಿದ್ದ ಪ್ರವಾಸಿಗರ ಮೇಲೆ ನೀರು ಪಿಸ್ತೂಲು ಹಾರಿಸಿದರು. ಅವರ ಸಿಟ್ಟಿಗೆ ಅರ್ಥವಿದೆ. ಮನೆಗಳೆಲ್ಲ ದಿನಬಾಡಿಗೆಗೆ ಹೋಗಿ ಊರಿನವರಿಗೆ ಬಾಡಿಗೆ ಮನೆಯೇ ಸಿಗದಂತಾಗಿದೆ. 2028ರೊಳಗೆ ಇಂಥ ಹತ್ತು ಸಾವಿರಕ್ಕೂ ಹೆಚ್ಚು ಪರವಾನಗಿಗಳನ್ನು ನಿಲ್ಲಿಸುವುದಾಗಿ ಅಲ್ಲಿನ ಮೇಯರ್ ಘೋಷಿಸಿದ್ದಾರೆ.

ವೀಸಾ ಅರ್ಜಿಗೆ ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಬೇಕು, ಇಬ್ಬರಿಗೂ. ಹೊಸ ಪಟ್ಟಿ ಮಾಡಿ ಕಳಿಸು. ಅದರಲ್ಲಿ ಬುನ್ಯೋಲ್ ಇದ್ದರೆ ಆ ಸಾಲು ಹೊಡೆದುಹಾಕುವ ಕೆಲಸ ನನಗೆ ಬಿಡು.

ಇಂತಿ,
ನಿನ್ನ ಸೋದರತ್ತೆ